ಕೂಲಿ ಒಂದೇ, ನೂಲು ಬೇರೆ

ಪ್ರಶ್ನೆ: ನಾನು ಬೆಳಗಾವಿಯವಳು, ವಯಸ್ಸು 31. ಪ್ಲಾಟು ಮತ್ತು ಫ್ಲ್ಯಾಟುಗಳನ್ನು ಮಾರುವ ಒಂದು ಸಣ್ಣ ಕಚೇರಿಯಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಟ್ಟು ಏಳು ಜನ ಇದ್ದೇವೆ. ಮಾರಾಟದಲ್ಲಿ ಇಬ್ಬರು ಹೆಣ್ಣುಮಕ್ಕಳು, ಮೂವರು ಗಂಡಸರು. ಮೂಲ ಸಂಬಳ ಎಲ್ಲರಿಗೂ ಒಂದೇ, ಕಮಿಷನ್ ಕೂಡ ಎಲ್ಲರಿಗೂ ಮಾರಾಟ ಬೆಲೆಯ ಅರ್ಧ ಪರ್ಸೆಂಟ್. ಆದರೂ ನನ್ನ ನಂತರ ಸೇರಿದ ಹುಡುಗರು ನನಗಿಂತ ಬಹಳ ಹೆಚ್ಚು ಗಳಿಸುತ್ತಾರೆ. ಕೇಳಿದರೆ ಮಾಲೀಕರು, ‘ನಿಯಮ ಎಲ್ಲರಿಗೂ ಒಂದೇ ಅಲ್ಲವೇನಮ್ಮಾ, ಮಾರಿದವರಿಗೆ ಸಿಗುತ್ತದೆ’ ಎನ್ನುತ್ತಾರೆ. ಅವರು ಕೆಟ್ಟವರಲ್ಲ, ನನ್ನ ತಂದೆಯ ಆಸ್ಪತ್ರೆ ಖರ್ಚಿಗೆ ಕೇಳಿದೊಡನೆ ಮುಂಗಡ ಕೊಟ್ಟವರು. ಆದರೆ ರಾಮತೀರ್ಥ ನಗರ, ಕಣಬರ್ಗಿ ಕಡೆಯ ಪ್ಲಾಟು ನೋಡಲು ನೇರವಾಗಿ ಕಚೇರಿಗೆ ಬರುವವರನ್ನು ಹುಡುಗರ ಜೊತೆ ಕಳುಹಿಸುತ್ತಾರೆ. ಫೋನಿನಲ್ಲಿ ದರ ವಿಚಾರಿಸುವವರು ನನ್ನ ಪಾಲಿಗೆ ಬರುತ್ತಾರೆ. ‘ಸಂಜೆ ಹೊತ್ತು ಊರಾಚೆಯ ಲೇಔಟಿಗೆ ಹೆಣ್ಣುಮಕ್ಕಳನ್ನು ಕಳುಹಿಸುವುದು ಬೇಡ’ ಎಂಬ ಕಾಳಜಿ ಅವರದು. ಇದು ಅನ್ಯಾಯವೋ, ನನ್ನ ಸಾಮರ್ಥ್ಯದ ಕೊರತೆಯೋ ನನಗೇ ತಿಳಿಯದಾಗಿದೆ. ಇದರ ಬಗ್ಗೆ ಸಂಶೋಧನೆ ನಡೆದಿದೆಯೇ? ಇನ್ನೊಂದು ವಿಷಯ. ನಾನು ಮತ್ತು ತಂಗಿ ಕೂಡಿ ಒಂದು ಚಿಕ್ಕ ಮನೆ ಕೊಳ್ಳಬೇಕೆಂದಿದ್ದೇವೆ. ಹೆಂಗಸರು ಮನೆ ಕೊಂಡರೆ ಹೆಚ್ಚು ಬೆಲೆ ತೆರುತ್ತಾರೆ ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ‘ಅನ್ಯಾಯವೋ, ನನ್ನ ಸಾಮರ್ಥ್ಯದ ಕೊರತೆಯೋ’ ಎಂಬ ನಿಮ್ಮ ಸಾಲನ್ನು ನಾನು ಎರಡು ಸಲ ಓದಿದೆ. ಆರು ವರ್ಷ ಒಂದೇ ಕಸುಬು ಮಾಡಿದವರಿಗೆ ತಮ್ಮ ಕೈಗುಣದ ಮೇಲೆಯೇ ಅನುಮಾನ ಹುಟ್ಟಿದೆ ಎಂದರೆ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ. ಅದೇನೆಂದು ಮೊದಲು ನೋಡೋಣ, ಮನೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಎರಡೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ.

ನಾನು ಬೆಳೆದದ್ದು ವಡಗಾವಿಯ ನೇಕಾರರ ಓಣಿಯಲ್ಲಿ. ನಮ್ಮ ತಂದೆ ಬೇರೆಯವರ ಮಗ್ಗದಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದರು. ಒಂದು ಸೀರೆಗೆ ಇಷ್ಟು ಎಂದು ಕೂಲಿ ಎಲ್ಲರಿಗೂ ಒಂದೇ. ಆದರೆ ಮಾಲೀಕರು ಹಂಚಿಕೊಡುವ ನೂಲು ಒಂದೇ ಇರುತ್ತಿರಲಿಲ್ಲ. ಒಬ್ಬರ ಹಾಸು (ಮಗ್ಗಕ್ಕೆ ಹೂಡಿದ ಉದ್ದೆಳೆ) ನೀರಿನಂತೆ ಓಡುತ್ತಿತ್ತು, ಇನ್ನೊಬ್ಬರದು ಗಳಿಗೆಗೊಮ್ಮೆ ಹರಿಯುತ್ತಿತ್ತು. ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ವಾರದ ಬಟವಾಡೆಯ ದಿನ ವಹಿ ತೆಗೆದು, ‘ಅವನು ಐದು ನೇಯ್ದ, ನೀನು ಮೂರು’ ಎಂದು ಓದುತ್ತಿದ್ದರು. ನೂಲಿನ ಮಾತು ಬರುತ್ತಲೇ ಇರಲಿಲ್ಲ, ಯಾಕೆಂದರೆ ಯಾರಿಗೆ ಎಂಥ ನೂಲು ಕೊಟ್ಟೆವು ಎಂದು ವಹಿಯಲ್ಲಿ ಬರೆಯುವ ಪದ್ಧತಿಯೇ ಇರಲಿಲ್ಲ. ನಮ್ಮ ತಂದೆಗೂ ಕೊನೆಕೊನೆಗೆ ತಾನು ನಿಧಾನದ ಕೆಲಸಗಾರ ಎಂದೇ ಅನ್ನಿಸತೊಡಗಿತ್ತು. ಅದನ್ನು ನೆನೆದಾಗ ಈಗಲೂ ನನಗೆ ಸಂಕಟವಾಗುತ್ತದೆ.

ನಿಮ್ಮ ಕಚೇರಿಯಲ್ಲಿ ಗಿರಾಕಿಯೇ ನೂಲು. ಕಮಿಷನ್ನಿನ ದರವನ್ನು ಎಲ್ಲರೂ ನೋಡುತ್ತಾರೆ. ಯಾವ ಗಿರಾಕಿ ಯಾರ ಕೈಗೆ ಹೋದ ಎಂಬುದನ್ನು ಯಾರೂ ಬರೆದಿಡುವುದಿಲ್ಲ.

ಹೌದು, ಇದರ ಬಗ್ಗೆ ಸಂಶೋಧನೆ ನಡೆದಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜ್ಯಾನಿಸ್ ಮ್ಯಾಡನ್ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ಮನೆ ಮಾರುವವರ ಬಗ್ಗೆ ಅಲ್ಲ, ಅಲ್ಲಿನ ಎರಡು ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳ ಬಗ್ಗೆ. ಆದರೆ ಅಲ್ಲಿನ ಪರಿಸ್ಥಿತಿ ನಿಮ್ಮ ಕಚೇರಿಯದೇ. ಕಮಿಷನ್ ಸೂತ್ರ ಗಂಡಿಗೂ ಹೆಣ್ಣಿಗೂ ಒಂದೇ, ಗಳಿಕೆ ಮಾತ್ರ ಹೆಂಗಸರಿಗೆ ಕಡಿಮೆ. ಕೆಲಸ ಬಿಟ್ಟುಹೋದ ದಲ್ಲಾಳಿಯ ಗಿರಾಕಿಗಳನ್ನು ಸಂಸ್ಥೆ ಯಾರಿಗೆ ವರ್ಗಾಯಿಸುತ್ತದೆ ಎಂಬುದನ್ನು ಮ್ಯಾಡನ್ ಹಿಡಿದು ನೋಡಿದರು. ಆ ಖಾತೆಗಳಲ್ಲಿ ಹಿಂದೆ ಎಷ್ಟು ವ್ಯವಹಾರ ನಡೆದಿತ್ತು ಎಂಬ ದಾಖಲೆ ಇದ್ದುದರಿಂದ, ಯಾವುದು ಒಳ್ಳೆಯ ನೂಲು, ಯಾವುದು ಹರಿಯುವ ನೂಲು ಎಂದು ಮೊದಲೇ ಗೊತ್ತಿತ್ತು. ಹೆಂಗಸರ ಪಾಲಿಗೆ ಬಂದವು ಹಿಂದಿನಿಂದಲೂ ವ್ಯವಹಾರ ಕಡಿಮೆ ಇದ್ದ ಖಾತೆಗಳು. ಇತಿಹಾಸ ಸರಿಸಮನಾಗಿದ್ದ ಖಾತೆಗಳು ಸಿಕ್ಕಾಗ ಹೆಂಗಸರು ಮಾಡಿದ ವ್ಯಾಪಾರ ಗಂಡಸರು ಮಾಡಿದಷ್ಟೇ ಇತ್ತು. ಅಲ್ಲಿ ಕೊರತೆ ಮಾರುವವರ ಕೈಯಲ್ಲಿ ಇರಲಿಲ್ಲ, ಆ ಕೈಗೆ ಕೊಟ್ಟದ್ದರಲ್ಲಿ ಇತ್ತು.

ಇದು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಅಂಕಿಗಳು ಊಹೆಯವು, ನಿಮ್ಮ ಕಚೇರಿಯವಲ್ಲ. ಆರು ತಿಂಗಳಲ್ಲಿ ನಿಮಗೂ ನಿಮ್ಮ ಸಹೋದ್ಯೋಗಿಗೂ ತಲಾ 110 ಗಿರಾಕಿಗಳು ಸಿಕ್ಕರು ಎನ್ನೋಣ. ಅವರ 110ರಲ್ಲಿ 50 ಜನ ನೇರವಾಗಿ ಬಂದವರು, 60 ಜನ ಫೋನಿನವರು. ನಿಮ್ಮ 110ರಲ್ಲಿ ನೇರವಾಗಿ ಬಂದವರು 20, ಫೋನಿನವರು 90. ಫೋನಿನವರಲ್ಲಿ ಇಬ್ಬರಿಗೂ 30ಕ್ಕೆ ಒಬ್ಬರು ಗಟ್ಟಿಯಾಗುತ್ತಾರೆ. ನೇರವಾಗಿ ಬಂದವರಲ್ಲಿ ಅವರಿಗೆ ಐವರಲ್ಲಿ ಒಬ್ಬರು ಒಪ್ಪಿದರೆ ನಿಮಗೆ ನಾಲ್ವರಲ್ಲಿ ಒಬ್ಬರು ಒಪ್ಪುತ್ತಾರೆ. ಅಂದರೆ ನಿಮ್ಮ ಕೈಗುಣವೇ ಹೆಚ್ಚು. ಈಗ ಕೂಡಿಸಿ ನೋಡಿ. ಅವರದು 10 ಮತ್ತು 2, ಒಟ್ಟು 12. ನಿಮ್ಮದು 5 ಮತ್ತು 3, ಒಟ್ಟು 8. ಪ್ರತಿಯೊಂದೂ 40 ಲಕ್ಷ ರೂಪಾಯಿಯ ಮಾರಾಟವಾದರೆ, ಅರ್ಧ ಪರ್ಸೆಂಟ್ ಲೆಕ್ಕದಲ್ಲಿ ಅವರಿಗೆ 2 ಲಕ್ಷ 40 ಸಾವಿರ, ನಿಮಗೆ 1 ಲಕ್ಷ 60 ಸಾವಿರ. ಕೈಗುಣ ಹೆಚ್ಚಿದ್ದವರಿಗೆ ಹಣ ಕಡಿಮೆ ಬಂತು, ನಿಯಮವೂ ಎಲ್ಲಿಯೂ ಮುರಿಯಲಿಲ್ಲ. ಹಾಗಾಗಿ ನಿಮ್ಮ ಮಾಲೀಕರು ಸುಳ್ಳು ಹೇಳುತ್ತಿಲ್ಲ. ಅವರು ಆರು ತಿಂಗಳ ಕೊನೆಯ 12 ಮತ್ತು 8ನ್ನು ಮಾತ್ರ ನೋಡುತ್ತಾರೆ, ಮುಂದಿನ ತಿಂಗಳು ‘ಚೆನ್ನಾಗಿ ಮಾರುವ’ ಹುಡುಗನಿಗೇ ಮತ್ತೆ ಒಳ್ಳೆಯ ಗಿರಾಕಿಯನ್ನು ಒಪ್ಪಿಸುತ್ತಾರೆ. ವ್ಯಾಪಾರಸ್ಥರಾಗಿ ಅದು ಅವರಿಗೆ ಸಹಜವೆನ್ನಿಸುತ್ತದೆ. ಹೀಗೆ ಮೊದಲ ತಿಂಗಳ ಹಂಚಿಕೆಯೇ ಆರನೆಯ ವರ್ಷದ ‘ಸಾಮರ್ಥ್ಯ’ವಾಗಿ ಬೆಳೆದು ನಿಲ್ಲುತ್ತದೆ.

ಬೆಳಗಾವಿಯ ಗಿರಾಕಿಗಳನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಸೈನ್ಯದಿಂದ ನಿವೃತ್ತರಾಗಿ ಕೈಗೆ ಹಣ ಬಂದಿರುವವರು, ಪುಣೆಯಲ್ಲೋ ಗೋವಾದಲ್ಲೋ ದುಡಿದು ಊರಲ್ಲಿ ಒಂದು ಪ್ಲಾಟು ಇರಲಿ ಎನ್ನುವವರು, ಬ್ಯಾಂಕಿನ ಸಾಲ ಮಂಜೂರಾದ ಮೇಲೆಯೇ ಮೆಟ್ಟಿಲು ಹತ್ತುವವರು ಅರ್ಧ ಮನಸ್ಸು ಮಾಡಿಯೇ ಬಂದಿರುತ್ತಾರೆ. ಫೋನಿನಲ್ಲಿ ‘ಗುಂಟೆಗೆ ಎಷ್ಟು?’ ಎಂದು ಕೇಳಿದವರು ಅದೇ ದಿನ ಇನ್ನೂ ನಾಲ್ಕು ಕಡೆ ಕೇಳಿರುತ್ತಾರೆ. ಇಬ್ಬರನ್ನೂ ‘ಒಬ್ಬ ಗಿರಾಕಿ’ ಎಂದು ಎಣಿಸುವುದೇ ತಪ್ಪಿನ ಮೊದಲ ಹೆಜ್ಜೆ.

ಈ ಕಸುಬಿನಲ್ಲಿ ಗಿರಾಕಿ ಯಾಕೆ ಇಷ್ಟು ಅಮೂಲ್ಯ ಎಂಬುದಕ್ಕೂ ಒಂದು ಅಧ್ಯಯನವಿದೆ. ಚಾಂಗ್-ತೈ ಶಿಯೆ ಮತ್ತು ಎನ್ರಿಕೊ ಮೊರೆಟ್ಟಿ 2003ರಲ್ಲಿ ಅಮೆರಿಕದ ನಗರಗಳನ್ನು ಹೋಲಿಸಿ ನೋಡಿದರು. ಕಮಿಷನ್ ಪರ್ಸೆಂಟ್ ಲೆಕ್ಕದಲ್ಲಿ ಗಟ್ಟಿಯಾಗಿ ನಿಂತಿರುವುದರಿಂದ, ಮನೆ ದುಬಾರಿಯಾದ ಊರಿನಲ್ಲಿ ಒಂದೊಂದು ಮಾರಾಟಕ್ಕೂ ಹೆಚ್ಚು ಹಣ ಸಿಗುತ್ತದೆ. ಆ ಆಸೆಗೆ ಹೆಚ್ಚು ಜನ ದಲ್ಲಾಳಿಗಳಾಗುತ್ತಾರೆ. ಕೊನೆಗೆ ಒಬ್ಬೊಬ್ಬರ ಕೈಗೆ ಬರುವ ಮಾರಾಟಗಳ ಸಂಖ್ಯೆ ಇಳಿದು, ಗಳಿಕೆ ಮೊದಲಿನಷ್ಟೇ ಉಳಿಯುತ್ತದೆ. ಬೆಲೆ ಏರಿದ ಊರಿನಲ್ಲಿ ಮನೆಗೆ ಬರ ಬರುತ್ತದೋ ಇಲ್ಲವೋ, ಗಿರಾಕಿಗಂತೂ ಬರ ಬರುತ್ತದೆ. ಬರ ಬಂದ ವಸ್ತುವನ್ನು ಹಂಚುವ ಅಧಿಕಾರ ಒಬ್ಬರ ನಾಲಿಗೆಯ ಮೇಲೆ ಇದ್ದಾಗ, ಆ ಹಂಚಿಕೆಗೆ ಬರೆದಿಟ್ಟ ಕ್ರಮ ಬೇಕು.

ಕೆಲಸದ ಜಾಗದ ನ್ಯಾಯದ ಬಗ್ಗೆ ಅಧ್ಯಯನ ಮಾಡುವವರು ಅದನ್ನು ಮೂರು ಕಡೆಯಿಂದ ನೋಡುತ್ತಾರೆ. ಕೈಗೆ ಎಷ್ಟು ಬಂತು, ಅದನ್ನು ಯಾವ ಕ್ರಮದಿಂದ ತೀರ್ಮಾನಿಸಿದರು, ತೀರ್ಮಾನವನ್ನು ಹೇಳುವಾಗ ಮನುಷ್ಯರಂತೆ ನಡೆಸಿಕೊಂಡರೇ. ಎರಡನೆಯದನ್ನು ಅಳೆಯಲು ಜೆರಾಲ್ಡ್ ಲೆವೆಂತಾಲ್ 1980ರಲ್ಲಿ ಆರು ಮಾನದಂಡಗಳನ್ನು ಕೊಟ್ಟರು. ಅವುಗಳಲ್ಲಿ ಮೂರು ನಿಮಗೆ ಸಾಕು: ಕ್ರಮ ಎಲ್ಲರಿಗೂ ಎಲ್ಲ ದಿನವೂ ಒಂದೇ ಆಗಿರಬೇಕು, ಸರಿಯಾದ ಮಾಹಿತಿಯ ಮೇಲೆ ನಿಂತಿರಬೇಕು, ತಪ್ಪಾದರೆ ತಿದ್ದಿಸಿಕೊಳ್ಳಲು ದಾರಿ ಇರಬೇಕು. ನಿಮ್ಮಲ್ಲಿ ಸಂಬಳದ ನಿಯಮ ಈ ಮೂರರಲ್ಲೂ ಪಾಸಾಗುತ್ತದೆ. ಗಿರಾಕಿ ಹಂಚಿಕೆ ಮೂರರಲ್ಲೂ ಸೋಲುತ್ತದೆ, ಯಾಕೆಂದರೆ ಅಲ್ಲಿ ನಿಯಮವೇ ಇಲ್ಲ.

ಆ ಮೂರು ಕಡೆಗಳಲ್ಲಿ ಕೊನೆಯದನ್ನು, ಅಂದರೆ ತೀರ್ಮಾನವನ್ನು ಹೇಳುವ ರೀತಿಯನ್ನು, ಹಗುರವಾಗಿ ನೋಡುವವರಿಗೆ ನಾನು ಯಾವಾಗಲೂ ಜೆರಾಲ್ಡ್ ಗ್ರೀನ್‌ಬರ್ಗ್ ಅವರ 1990ರ ಅಧ್ಯಯನವನ್ನು ನೆನಪಿಸುತ್ತೇನೆ. ಆರ್ಡರು ಕೈತಪ್ಪಿದ ಒಂದು ಕಂಪನಿ ತನ್ನ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ 15 ಪರ್ಸೆಂಟ್ ಸಂಬಳ ಕಡಿತ ಮಾಡಿತು. ಒಂದು ಕಡೆ ಲೆಕ್ಕ ಬಿಚ್ಚಿಟ್ಟು, ವಿಷಾದ ತಿಳಿಸಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಇನ್ನೊಂದು ಕಡೆ ಎರಡು ಮಾತಿನಲ್ಲಿ ಹೇಳಿ ಎದ್ದುಹೋದರು. ಎರಡನೆಯ ಕಾರ್ಖಾನೆಯಲ್ಲಿ ಕಳವು ಬಹಳ ಹೆಚ್ಚಾಯಿತು. ಎರಡೂ ಕಡೆ ಕಡಿತವಾದ ಹಣ ಒಂದೇ. ನೀವು ‘ಮಾಲೀಕರು ಕೆಟ್ಟವರಲ್ಲ’ ಎಂದು ಬರೆದಿರಿ. ಅವರ ಮಾತಿನ ಮೃದುತನವೇ ನಿಮ್ಮನ್ನು ಆರು ವರ್ಷ ಅಲ್ಲಿ ಉಳಿಸಿದೆ. ಅದಕ್ಕೆ ಬೆಲೆ ಇದೆ. ಅದೇ ಮೃದುತನ ಪ್ರಶ್ನೆ ಕೇಳುವುದನ್ನು ಕಷ್ಟವನ್ನಾಗಿಯೂ ಮಾಡಿದೆ.

ಸಂಜೆಯ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ. ಊರಾಚೆಯ ಖಾಲಿ ಲೇಔಟಿಗೆ, ಮುಖ ಪರಿಚಯವಿಲ್ಲದವರ ಜೊತೆ, ಕತ್ತಲಾಗುವ ಹೊತ್ತಿಗೆ ಹೋಗಬೇಡಿ ಎನ್ನುವುದು ಸರಿಯಾದ ಕಾಳಜಿ. ಆದರೆ ಆ ಕಾಳಜಿಯ ಖರ್ಚನ್ನು ನಿಮ್ಮ ಜೇಬಿನಿಂದ ತೆಗೆಯುವುದು ಸರಿಯಲ್ಲ. ಗಿರಾಕಿಯ ಹೆಸರು, ಫೋನ್, ಗುರುತಿನ ಚೀಟಿಯನ್ನು ಕಚೇರಿಯಲ್ಲಿ ಬರೆಸಿಕೊಂಡು ಕಳುಹಿಸಬಹುದು. ಇಬ್ಬರು ಕೂಡಿ ಹೋಗಬಹುದು. ಜಾಗ ತೋರಿಸುವುದನ್ನು ಬೆಳಗಿನ ಹೊತ್ತಿಗೆ ಗೊತ್ತುಮಾಡಬಹುದು. ಸಂಜೆಯೇ ಬೇಕೆಂದರೆ ಹುಡುಗ ತೋರಿಸಿ ಬರಲಿ, ಗಿರಾಕಿ ನಿಮ್ಮ ಹೆಸರಿನಲ್ಲಿಯೇ ಇರಲಿ, ಕಮಿಷನ್‌ನಲ್ಲಿ ಅವನಿಗೊಂದು ಪಾಲು ಇರಲಿ. ಇಷ್ಟೆಲ್ಲ ದಾರಿಗಳಿರುವಾಗ ನಿಮಗೆ ಗಿರಾಕಿಯನ್ನೇ ಕೊಡದಿರುವುದನ್ನು ರಕ್ಷಣೆ ಎಂದು ಒಪ್ಪಲು ನನ್ನಿಂದ ಆಗದು. ಗಿರಾಕಿಯಿಂದಲೋ ಸಹೋದ್ಯೋಗಿಯಿಂದಲೋ ಲೈಂಗಿಕ ಕಿರುಕುಳವಾದರೆ, ಕೆಲಸದ ಜಾಗದಲ್ಲಿ ಅದನ್ನು ತಡೆಯುವ 2013ರ ಕಾನೂನು ನಿಮ್ಮ ಜೊತೆ ಇದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಚೇರಿಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಸಂಬಳದ ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ನಿಮಗೆ ಸುಲಭದ ಭರವಸೆ ಕೊಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು 1976ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. ಅದರ ಜಾಗದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಲಿಂಗದ ಕಾರಣಕ್ಕೆ ವೇತನದಲ್ಲಿ ತಾರತಮ್ಯ ಮಾಡಬಾರದು ಎಂದು ಅದೂ ಹೇಳುತ್ತದೆ. ಆದರೆ ಅದರಲ್ಲಿ ‘ವೇತನ’ ಎಂಬ ಪದದ ವ್ಯಾಖ್ಯೆಯನ್ನು ಎಚ್ಚರದಿಂದ ಓದಬೇಕು. ಕಮಿಷನ್ ಅನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಸಮಾನ ವೇತನದ ಲೆಕ್ಕಕ್ಕಾಗಿ ಮತ್ತೆ ಒಳಗೆ ತಂದ ಬಾಬುಗಳಲ್ಲಿ ಪ್ರಯಾಣ ಭತ್ಯೆ, ಮನೆ ಬಾಡಿಗೆ ಭತ್ಯೆ, ಹೆಚ್ಚುವರಿ ಹೊತ್ತಿನ ಭತ್ಯೆ ಇವೆ, ಕಮಿಷನ್ ಇಲ್ಲ. ಹೊರಗಿಟ್ಟ ಬಾಬುಗಳು ಒಟ್ಟು ಗಳಿಕೆಯ ಅರ್ಧವನ್ನು ಮೀರಿದರೆ ಮೀರಿದಷ್ಟು ಭಾಗ ವೇತನವೆಂದೇ ಎಣಿಕೆಯಾಗುತ್ತದೆ ಎಂಬುದು ಸ್ವಲ್ಪ ಸಮಾಧಾನದ ಮಾತು. ಕಮಿಷನ್ ಮೇಲೆಯೇ ಬದುಕುವವರಿಗೆ ಅದೂ ಒಂದು ಆಸರೆ. ಆದರೆ ಬರೇ ಗಿರಾಕಿ ಹಂಚಿಕೆಯ ಅನ್ಯಾಯವನ್ನು ಹಿಡಿದು ಕಾನೂನಿನ ಬಾಗಿಲು ತಟ್ಟುವುದು ಕಷ್ಟದ ದಾರಿ. ಅದನ್ನು ಕಚೇರಿಯ ಒಳಗೇ ಸರಿಪಡಿಸಿಕೊಳ್ಳಬೇಕು. ನಿಮ್ಮ ನೇಮಕ ಪತ್ರ ಹುಡುಕಿ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮನ್ನು ನೌಕರಳೆಂದು ಬರೆದಿದ್ದಾರೋ, ಕಮಿಷನ್ ಏಜೆಂಟ್ ಎಂದೋ ನೋಡಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲು ಒಂದು ನೋಟುಬುಕ್ಕು ಕೊಳ್ಳಿ. ಬಂದ ಪ್ರತಿ ಗಿರಾಕಿಗೂ ಒಂದು ಸಾಲು ಬರೆಯಿರಿ: ದಿನ, ನೇರವಾಗಿ ಬಂದರೋ ಫೋನೋ, ಏನು ಬೇಕಾಗಿತ್ತು, ಯಾರಿಗೆ ಒಪ್ಪಿಸಿದರು, ಏನಾಯಿತು. ಗಿರಾಕಿಯ ಹೆಸರಾಗಲಿ ನಂಬರಾಗಲಿ ಬೇಡ, ಅದು ಕಚೇರಿಯ ಸ್ವತ್ತು. ನಿಮಗೆ ಬಂದವರನ್ನು ಮಾತ್ರವಲ್ಲ, ನಿಮ್ಮ ಕಣ್ಣೆದುರು ಬೇರೆಯವರಿಗೆ ಹೋದವರನ್ನೂ ಬರೆಯಿರಿ. ಕನಿಷ್ಠ ಮೂರು ತಿಂಗಳು ಬರೆಯಬೇಕು, ಅದಕ್ಕಿಂತ ಕಡಿಮೆಯಾದರೆ ಅದೃಷ್ಟದ ಏರುಪೇರೇ ಎದ್ದು ಕಾಣುತ್ತದೆ. ಇನ್ನೊಬ್ಬ ಹೆಣ್ಣುಮಗಳೂ ಬರೆದರೆ ಒಳ್ಳೆಯದು. ಆಮೇಲೆ ನಾನು ಮೇಲೆ ತೋರಿಸಿದ ಹಾಗೆ ನೇರ ಬಂದವರನ್ನು ಬೇರೆ, ಫೋನಿನವರನ್ನು ಬೇರೆ ಮಾಡಿ ಎಣಿಸಿ. ನಿಮ್ಮ ಅನುಮಾನ ತಪ್ಪೆಂದು ಕಾಣುವ ಸಾಧ್ಯತೆಯೂ ಇದೆ. ನೇರವಾಗಿ ಬಂದವರ ವಿಷಯದಲ್ಲಿಯೇ ನಿಮ್ಮ ಯಶಸ್ಸು ಕಡಿಮೆ ಎಂದಾದರೆ, ಎಲ್ಲಿ ಕಲಿಯಬೇಕು ಎಂಬುದು ನಿಮಗೆ ಗೊತ್ತಾಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಈಗಿನ ತೂಗುಯ್ಯಾಲೆಗಿಂತ ಮೇಲು.

ಮಾಲೀಕರ ಹತ್ತಿರ ಹೋದಾಗ ‘ನನಗೆ ಕಡಿಮೆ ಸಿಗುತ್ತಿದೆ’ ಎಂದು ಮಾತು ಶುರುಮಾಡಬೇಡಿ. ಹೆಂಗಸರು ತಮಗಾಗಿ ಹೆಚ್ಚು ಕೇಳಿದಾಗ ಗಂಡಸರು ಕೇಳಿದಾಗಿನದಕ್ಕಿಂತ ಹೆಚ್ಚು ಅಸಮಾಧಾನಕ್ಕೆ ಗುರಿಯಾಗುತ್ತಾರೆ ಎಂದು ಹನ್ನಾ ರೈಲಿ ಬೌಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲೈ 2007ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಅದು ಸರಿಯಾದ ಲೋಕರೂಢಿ ಅಲ್ಲ, ಆದರೆ ಇದೆ. ಹಾಗೆಂದು ಸುಮ್ಮನಿರಿ ಎನ್ನುತ್ತಿಲ್ಲ. ನಿಮಗಾಗಿ ಅಲ್ಲ, ಕಚೇರಿಗಾಗಿ ಒಂದು ಕ್ರಮ ಕೇಳಿ. ಖಡೇಬಜಾರದ ಬಟ್ಟೆ ಅಂಗಡಿಯಲ್ಲಿ ಒಬ್ಬರು ಗಿರಾಕಿಯನ್ನು ಕೂರಿಸಿಕೊಂಡರೆ ಮುಂದಿನವರು ಇನ್ನೊಬ್ಬರ ಪಾಲು ಎಂಬ ಸರದಿಯನ್ನು ನೀವೂ ನೋಡಿರಬೇಕು. ನಿಮ್ಮಲ್ಲಿಯೂ ನೇರ ಬರುವವರಿಗೆ ಒಂದು ಸರದಿ, ಫೋನಿನವರಿಗೆ ಇನ್ನೊಂದು ಸರದಿ ಇರಲಿ, ಗೋಡೆಯ ಮೇಲೆ ಪಟ್ಟಿ ಇರಲಿ. ಹಳೆಯ ಗಿರಾಕಿ ಹೆಸರು ಹಿಡಿದು ಕೇಳಿಕೊಂಡು ಬಂದರೆ ಮಾತ್ರ ಸರದಿಗೆ ವಿನಾಯಿತಿ. ಮಾಲೀಕರಿಗೆ ಇದರಲ್ಲಿ ಲಾಭವೂ ಇದೆ. ನಿಜವಾಗಿ ಯಾರ ಕೈಗುಣ ಎಷ್ಟು ಎಂದು ಅವರಿಗೆ ಮೊದಲ ಸಲ ತಿಳಿಯುತ್ತದೆ.

ಬರೆದಿಟ್ಟ ನಿಯಮದ ಬಲ ದೊಡ್ಡದು. ಆಂಡ್ರಿಯಾಸ್ ಲೈಬ್ರಾಂಟ್ ಮತ್ತು ಜಾನ್ ಲಿಸ್ಟ್ ಸುಮಾರು 2,500 ಉದ್ಯೋಗಾರ್ಥಿಗಳನ್ನು ಗಮನಿಸಿ 2015ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಸಂಬಳದ ಬಗ್ಗೆ ಚೌಕಾಸಿ ಮಾಡಬಹುದೋ ಇಲ್ಲವೋ ಎಂದು ಜಾಹೀರಾತಿನಲ್ಲಿ ಹೇಳದಿದ್ದಾಗ ಗಂಡಸರೇ ಹೆಚ್ಚು ಚೌಕಾಸಿ ಮಾಡಿದರು. ‘ಮಾತಾಡಿ ನಿಗದಿ ಮಾಡಬಹುದು’ ಎಂದು ಸ್ಪಷ್ಟವಾಗಿ ಬರೆದ ಕೂಡಲೇ ಆ ವ್ಯತ್ಯಾಸ ಕಾಣೆಯಾಯಿತು. ಹೆಣ್ಣಿಗೆ ಕೇಳಲು ಬರುವುದಿಲ್ಲ ಎಂಬ ಮಾತನ್ನು ನಾನು ಬಹಳ ವರ್ಷ ಕೇಳಿದ್ದೇನೆ. ಕೇಳಬಹುದು ಎಂದು ಅವಳಿಗೆ ಯಾರು ಹೇಳಿದ್ದರು?

ಇನ್ನು ಮನೆ. ನೀವು ಕೇಳಿದ ಸುದ್ದಿಗೆ ಆಧಾರವಿದೆ. ಪಾಲ್ ಗೋಲ್ಡ್‌ಸ್ಮಿತ್-ಪಿಂಕಮ್ ಮತ್ತು ಕೆಲ್ಲಿ ಶೂ ಅಮೆರಿಕದ ಮನೆ ಮಾರಾಟಗಳ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂಟಿ ಹೆಂಗಸರಿಗೆ ಮನೆಯಿಂದ ಬರುವ ವಾರ್ಷಿಕ ಲಾಭ ಒಂಟಿ ಗಂಡಸರಿಗಿಂತ ಒಂದೂವರೆ ಪರ್ಸೆಂಟೇಜ್ ಪಾಯಿಂಟ್ ಕಡಿಮೆ. ಅದರಲ್ಲಿ ಸುಮಾರು 45 ಪರ್ಸೆಂಟ್ ಭಾಗ ಎಲ್ಲಿ, ಯಾವಾಗ ಕೊಂಡರು ಎಂಬುದರಿಂದ ಬಂದದ್ದು. ಉಳಿದದ್ದು ಮುಖ್ಯವಾಗಿ ಕೈಗೂಡಿದ ಬೆಲೆಯಿಂದ. ಅದೇ ಮನೆಯನ್ನು ಹೆಂಗಸರು ಸುಮಾರು 2 ಪರ್ಸೆಂಟ್ ಹೆಚ್ಚಿಗೆ ಕೊಂಡು 2 ಪರ್ಸೆಂಟ್ ಕಡಿಮೆಗೆ ಮಾರಿದ್ದರು. 40 ಲಕ್ಷದ ಮನೆಯಲ್ಲಿ 2 ಪರ್ಸೆಂಟ್ ಎಂದರೆ 80 ಸಾವಿರ ರೂಪಾಯಿ. ಆದರೆ ಡೆನ್ಮಾರ್ಕ್‌ನ ದಾಖಲೆಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಮನೆಯ ನಿಜವಾದ ಗುಣಮಟ್ಟವನ್ನು ಹೆಚ್ಚು ಕರಾರುವಾಕ್ಕಾಗಿ ಲೆಕ್ಕಕ್ಕೆ ತಂದಷ್ಟೂ ಈ ಅಂತರ ಕುಗ್ಗುತ್ತಾ ಹೋಯಿತು. ಆದ್ದರಿಂದ ಹೆಣ್ಣಾದ ಮಾತ್ರಕ್ಕೆ ಮೋಸಹೋಗುವುದು ಖಚಿತ ಎಂದು ಹೆದರಬೇಡಿ.

ನಮ್ಮ ಕಡೆ ಇಂಥ ಅಧ್ಯಯನ ಮಾಡುವುದು ಕಷ್ಟ. ಕಾರಣ ನಿಮಗೆ ಗೊತ್ತೇ ಇದೆ: ಖರೀದಿ ಪತ್ರದಲ್ಲಿ ಬರೆದ ಬೆಲೆ ಎಷ್ಟೋ ಸಲ ಕೈ ಬದಲಿಸಿದ ಬೆಲೆಯಾಗಿರುವುದಿಲ್ಲ. ಸರಕಾರದ ಮಾರ್ಗಸೂಚಿ ಬೆಲೆಯ ಆಸುಪಾಸಿನಲ್ಲಿ ಒಂದು ಅಂಕಿ ಬರೆದು, ಉಳಿದದ್ದನ್ನು ನಗದಿನಲ್ಲಿ ಮುಗಿಸುತ್ತಾರೆ. ಹೀಗೆ ನಿಜ ಬೆಲೆ ಮುಚ್ಚಿಹೋದಾಗ ಲಾಭ ಪಡೆಯುವವರು ಮಾರುಕಟ್ಟೆಯ ಒಳಗಿನವರು, ಸೋಲುವವರು ಜೀವನದಲ್ಲಿ ಒಂದೇ ಸಲ ಮನೆ ಕೊಳ್ಳುವವರು. ನೀವು ಈ ಆಟಕ್ಕೆ ಇಳಿಯಬೇಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ 2015ರಿಂದಲೇ ಕಾನೂನಿನ ತಡೆ ಇದೆ. ನಾಳೆ ಹಣ ವಾಪಸ್ ಕೇಳುವ ಪ್ರಸಂಗ ಬಂದರೆ ಕಾಗದದಲ್ಲಿ ಇರುವುದಷ್ಟೇ ನಿಮ್ಮ ಹಣ.

ಮನೆ ನೋಡಲು ಹೋಗುವ ಮೊದಲು ನಿಮ್ಮದೇ ಒಂದು ಬೆಲೆಯನ್ನು ಚೀಟಿಯ ಮೇಲೆ ಬರೆದುಕೊಳ್ಳಿ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅಮೆರಿಕದ ಟೂಸಾನ್‌ನಲ್ಲಿ ಒಂದು ನಿಜವಾದ ಮನೆಯನ್ನು ವಿದ್ಯಾರ್ಥಿಗಳಿಗೂ ಅನುಭವಿ ದಲ್ಲಾಳಿಗಳಿಗೂ ತೋರಿಸಿ ಬೆಲೆ ಕಟ್ಟಿರೆಂದರು. ಕೊಟ್ಟ ಮಾಹಿತಿಯಲ್ಲಿ ಮಾಲೀಕ ಹೇಳಿದ ಬೆಲೆಯನ್ನು ಮಾತ್ರ ಗುಂಪಿನಿಂದ ಗುಂಪಿಗೆ ಬದಲಿಸಿದ್ದರು. ಹೇಳಿದ ಬೆಲೆ ಏರಿದಂತೆ ವಿದ್ಯಾರ್ಥಿಗಳು ಕಟ್ಟಿದ ಬೆಲೆಯೂ ಏರಿತು, ದಲ್ಲಾಳಿಗಳು ಕಟ್ಟಿದ್ದೂ ಏರಿತು. ನಾವು ಆ ಅಂಕಿಯನ್ನು ನೋಡಿ ಬೆಲೆ ಕಟ್ಟಿಲ್ಲ ಎಂದು ಹೆಚ್ಚು ಹೇಳಿದವರು ದಲ್ಲಾಳಿಗಳೇ. ಆರು ವರ್ಷದ ಅನುಭವ ಈ ಸೆಳೆತದಿಂದ ನಿಮ್ಮನ್ನೂ ಕಾಯುವುದಿಲ್ಲ. ಚೀಟಿ ಕಾಯುತ್ತದೆ.

ಕಾಗದಪತ್ರದ ವಿಚಾರ ನಿಮಗೆ ಹೇಳಿಕೊಡಬೇಕಾಗಿಲ್ಲ. ಉತಾರ (ಜಮೀನಿನ ಹಕ್ಕಿನ ದಾಖಲೆ), ಎನ್‌.ಎ. ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು), ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ, ಋಣಭಾರ ಪತ್ರ ಎಲ್ಲವನ್ನೂ ಗಿರಾಕಿಗಳಿಗಾಗಿ ತೆಗೆಸಿದ ಕೈ ನಿಮ್ಮದು. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಒಂದೆರಡು ಮಾತು ನೆನಪಿನಲ್ಲಿರಲಿ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆ ರೇರಾದಲ್ಲಿ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಲೇಬೇಕು. ಬೆಲೆಯ 10 ಪರ್ಸೆಂಟ್‌ಗಿಂತ ಹೆಚ್ಚು ಹಣವನ್ನು ನೋಂದಾಯಿತ ಕರಾರು ಪತ್ರವಿಲ್ಲದೆ ಬಿಲ್ಡರ್ ತೆಗೆದುಕೊಳ್ಳುವಂತಿಲ್ಲ. ಸಂಚಕಾರವೆಂದು ಕೊಟ್ಟ ಹಣಕ್ಕೂ ಇದು ಅನ್ವಯಿಸುತ್ತದೆ. ಸಂಗ್ರಹಿಸಿದ ಹಣದ 70 ಪರ್ಸೆಂಟ್ ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿಸಮೇತ ವಾಪಸ್ ಕೇಳುವ ಹಕ್ಕು ನಿಮಗಿದೆ.

ಒಂದು ಕಷ್ಟದ ಮಾತು ಉಳಿದಿದೆ, ಅದನ್ನು ಹೇಳದೆ ಬಿಟ್ಟರೆ ಈ ಉತ್ತರ ಅರ್ಧವಾಗುತ್ತದೆ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಶಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ನೋಡಿ 2008ರಲ್ಲಿ ಬರೆದರು: ದಲ್ಲಾಳಿಗಳು ತಮ್ಮ ಸ್ವಂತ ಮನೆಯನ್ನು ಮಾರುವಾಗ, ಗಿರಾಕಿಯ ಅಂಥದೇ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ ಮತ್ತು 3.7 ಪರ್ಸೆಂಟ್ ಹೆಚ್ಚು ಬೆಲೆ ಪಡೆಯುತ್ತಾರೆ. ಇದರಲ್ಲಿ ಮೋಸದ ಮಾತೇನೂ ಇಲ್ಲ. ಅರ್ಧ ಪರ್ಸೆಂಟ್ ಲೆಕ್ಕದಲ್ಲಿ, ಮಾರುವವರಿಗೆ ಒಂದು ಲಕ್ಷ ಹೆಚ್ಚು ತಂದುಕೊಟ್ಟರೆ ನಿಮಗೆ ಬರುವುದು 500 ರೂಪಾಯಿ. ಅಷ್ಟಕ್ಕಾಗಿ ಇನ್ನೂ ಹತ್ತು ದಿನ ಕಾಯೋಣ ಎಂದು ಯಾವ ಕೆಲಸಗಾರನಿಗೂ ಅನ್ನಿಸದು. ‘ಈ ಬೆಲೆಗೆ ಕೊಟ್ಟುಬಿಡಿ, ಮತ್ತೆ ಸಿಗಲಿಕ್ಕಿಲ್ಲ’ ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ.

ನಿಮ್ಮ ಮಾಲೀಕರಿಗೆ ತಿಳಿದದ್ದು ನಿಮಗೆ ಕಾಣುತ್ತಿಲ್ಲ, ಅದಕ್ಕೇ ನಿಮಗೆ ನೋವಾಗಿದೆ. ನಿಮಗೆ ತಿಳಿದದ್ದು ನಿಮ್ಮ ಗಿರಾಕಿಗೆ ಕಾಣುತ್ತಿಲ್ಲ. ಎರಡು ಪ್ರಶ್ನೆಗಳ ಬೇರು ಒಂದೇ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ತಂಗಿಯ ಜೊತೆ ಮನೆ ನೋಡಲು ಹೋದಾಗ ನೀವು ಅವಳ ಕಿವಿಯಲ್ಲಿ ಏನೇನು ಹೇಳುತ್ತೀರಿ ಎಂದು ಗಮನಿಸಿ: ಇಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಇವರು ಇನ್ನೂ ಎರಡು ಲಕ್ಷ ಇಳಿಯುತ್ತಾರೆ, ಆ ರಸ್ತೆ ನಕ್ಷೆಯಲ್ಲಿ ಮಾತ್ರ ಇದೆ. ಅದರಲ್ಲಿ ಎಷ್ಟನ್ನು ಮರುದಿನ ಕಚೇರಿಯ ಗಿರಾಕಿಗೂ ಹೇಳಲು ಸಾಧ್ಯ ಎಂದು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಿ.

ಮೂರು ತಿಂಗಳ ಸಾಲುಗಳು ತುಂಬಿದ ಮೇಲೆ ಅವುಗಳ ಪ್ರತಿಯನ್ನು ನನಗೆ ಕಳುಹಿಸಿ, ತಂಗಿ. ಮಾಲೀಕರ ಮುಂದೆ ಇಡುವ ಮೊದಲು ಕೂಡಿಸಿ ಕಳೆದು ನಾನೂ ಒಮ್ಮೆ ನೋಡಿಕೊಡುತ್ತೇನೆ.